ಮಂಗಳೂರಿನ ದಾರಿಯಲ್ಲಿ ನಾಲ್ಕು ಗೊಮ್ಮಟರು: ಎರಡು ದಿನದ ಸುತ್ತುದಾರಿ

ಬೆಂಗಳೂರಿನಿಂದ ಮಂಗಳೂರಿಗೆ ಶಿರಾಡಿ ಘಾಟಿಯಲ್ಲಿ ನೇರ ಹೋದರೆ ಏಳೆಂಟು ಗಂಟೆಯ ದಾರಿ. ಅದನ್ನೇ ಎರಡು ದಿನಕ್ಕೆ ಎಳೆದು, ಹೆದ್ದಾರಿ ಬಿಟ್ಟು ಒಳಗೆ ನುಗ್ಗಿದರೆ ನಾಲ್ಕು ದೊಡ್ಡ ಬಾಹುಬಲಿಯರನ್ನು ನೋಡಬಹುದು. ಶ್ರವಣಬೆಳಗೊಳದ್ದು ಸುಮಾರು 58 ಅಡಿ, ಕಾರ್ಕಳದ್ದು 42, ಧರ್ಮಸ್ಥಳದ್ದು 39, ವೇಣೂರಿನದ್ದು 35. ನಾಲ್ಕೂ ಏಕಶಿಲೆ, ನಾಲ್ಕೂ ಒಂದೇ ನಿಲುವು. ‘ಒಂದನ್ನು ನೋಡಿದರೆ ಸಾಕಲ್ಲ’ ಎನ್ನುವವರು ಹೆಚ್ಚಾಗಿ ಬೆಳಗೊಳ ನೋಡಿ ಸುಸ್ತಾಗಿ ವಾಪಸಾದವರು. ಬೆನ್ನುಬೆನ್ನಿಗೆ ನೋಡಿದಾಗಲೇ ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದು.

ಹೋಗಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಜನವರಿ. ಮಾರ್ಚ್, ಏಪ್ರಿಲ್‌ನಲ್ಲಿ ಬಂಡೆ ಕಾಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಘಾಟಿಗಳನ್ನು ನಂಬುವ ಹಾಗಿಲ್ಲ: ಮಣ್ಣು ಕುಸಿದರೆ ದಾರಿಯನ್ನೇ ಮುಚ್ಚುತ್ತಾರೆ, ಕೆಲವೊಮ್ಮೆ ರಾತ್ರಿ ಸಂಚಾರ ಮಾತ್ರ ನಿಲ್ಲಿಸುತ್ತಾರೆ. ಇನ್ನೊಂದು ಲೆಕ್ಕವನ್ನೂ ಹೊರಡುವ ಮೊದಲು ನೋಡಿಕೊಳ್ಳಬೇಕು. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ: ಕಾರ್ಕಳದಲ್ಲಿ 2015ರಲ್ಲಿ, ಬೆಳಗೊಳದಲ್ಲಿ 2018ರಲ್ಲಿ, ಧರ್ಮಸ್ಥಳದಲ್ಲಿ 2019ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಆಯಿತು. ಅದಕ್ಕಾಗಿ ಮೂರ್ತಿಯ ಬೆನ್ನಿಗೆ ತಲೆ ಮಟ್ಟದವರೆಗೆ ಅಟ್ಟಣಿಗೆ ಕಟ್ಟುತ್ತಾರೆ. ಅಭಿಷೇಕ ನೋಡಲೆಂದೇ ಹೋಗುವವರ ಮಾತು ಬೇರೆ. ಮೂರ್ತಿಯನ್ನು ಸಾವಧಾನವಾಗಿ ನೋಡಬೇಕೆಂದರೆ ಆ ತಿಂಗಳುಗಳನ್ನು ಬಿಡಿ.

ಮೊದಲ ದಿನ: ಬೆಳಗೊಳ

ಬೆಳಿಗ್ಗೆ 5ಕ್ಕೆ ಬೆಂಗಳೂರು ಬಿಡಿ. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್ ದಾಟಿ ಹಿರೀಸಾವೆಯಲ್ಲಿ ಎಡಕ್ಕೆ ತಿರುಗಬೇಕು. ಒಟ್ಟು 145 ಕಿ.ಮೀ. ಆಸುಪಾಸು, 8ರ ಒಳಗೆ ಬೆಟ್ಟದ ಬುಡದಲ್ಲಿರುತ್ತೀರಿ. ಮ್ಯಾಪಿನಲ್ಲಿ ಬರೀ ‘ಬೆಳಗೊಳ’ ಎಂದು ಹಾಕಬೇಡಿ. ಕೆಆರ್‌ಎಸ್ ಹತ್ತಿರ ಅದೇ ಹೆಸರಿನ ಇನ್ನೊಂದು ಊರಿದೆ, ಫೋನು ಸೀದಾ ಅಲ್ಲಿಗೆ ಕರೆದೊಯ್ದೀತು. ವಾಪಸ್ ಹಿರೀಸಾವೆಗೆ ಬರುವ ಅಗತ್ಯವಿಲ್ಲ, ಚನ್ನರಾಯಪಟ್ಟಣದ ಮೂಲಕ ಹೊರಬಿದ್ದರೆ ಹಾಸನದ ಹೆದ್ದಾರಿ ಸಿಗುತ್ತದೆ.

ವಿಂಧ್ಯಗಿರಿಗೆ ಸುಮಾರು 650 ಮೆಟ್ಟಿಲು, ಹಾಸುಬಂಡೆಯಲ್ಲೇ ಕಡಿದವು. ಒಂದರ ಎತ್ತರ ಇನ್ನೊಂದಕ್ಕಿಲ್ಲ. ಚಪ್ಪಲಿಯನ್ನು ಕೆಳಗೇ ಬಿಡಬೇಕು. ಇಲ್ಲೇ ಹೆಚ್ಚಿನವರು ಎಡವುವುದು: ಒಂಬತ್ತೂವರೆಗೆ ತಿಂಡಿ ಮುಗಿಸಿ ನಿಧಾನವಾಗಿ ಹತ್ತುತ್ತಾರೆ, ಇಳಿಯುವ ಹೊತ್ತಿಗೆ ಕಲ್ಲು ಕಾದ ಕಾವಲಿ. ಕಾಲುಚೀಲ ಹಾಕಿಕೊಳ್ಳಬಹುದು. ದಪ್ಪನೆಯ ಹತ್ತಿಯದೇ ಇರಲಿ, ನೈಲಾನ್ ನುಣುಪು ಬಂಡೆಯ ಮೇಲೆ ಜಾರುತ್ತದೆ. ಹತ್ತಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಕಂಬಿ ಹಿಡಿದು ಸ್ವಲ್ಪ ಓರೆಯಾಗಿ ಇಳಿಯಿರಿ. ವಯಸ್ಸಾದವರಿಗೆ ಡೋಲಿ ಸಿಗುತ್ತದೆ, ಕೂರುವ ಮೊದಲೇ ಹೋಗಿಬರುವ ಎರಡಕ್ಕೂ ಸೇರಿಸಿ ದರ ಮಾತಾಡಿಕೊಳ್ಳಿ. ಡೋಲಿಯೂ ಬೇಡವೆಂದರೆ ಎದುರಿನ ಚಂದ್ರಗಿರಿ ಹತ್ತಬಹುದು. ಅದು ಚಿಕ್ಕ ಬೆಟ್ಟ, ಮೆಟ್ಟಿಲು ಕಡಿಮೆ. ಅಲ್ಲಿಂದ ನೋಡಿದರೆ ಗೋಡೆಯ ಮೇಲೆ ಗೊಮ್ಮಟನ ತಲೆ ಭುಜ ಕಾಣುತ್ತವೆ.

ಈ ಮೂರ್ತಿಯನ್ನು ಎಲ್ಲಿಂದಲೂ ತಂದದ್ದಲ್ಲ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಮಾಡಿಸಿದ್ದು, ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡಿದು ಕಡಿದು ಒಳಗಿನ ಮನುಷ್ಯನನ್ನು ಬಿಡಿಸಿದ ಹಾಗೆ. ತೊಡೆಯವರೆಗೆ ಎರಡೂ ಬದಿ ಹುತ್ತದ ಆಸರೆಯಿದೆ, ಅಲ್ಲಿಂದ ಮೇಲೆ ಬೆನ್ನಿಗೂ ಆಧಾರವಿಲ್ಲ. ಒಳಗೆ ಹೋದವರು ಎಲ್ಲರೂ ಕತ್ತೆತ್ತಿ ಮುಖ ನೋಡುತ್ತಾರೆ. ನೀವು ಮೊದಲು ಬುಡ ನೋಡಿ. ಕಾಲ ಪಕ್ಕದ ಹುತ್ತದ ಕಲ್ಲಿನಲ್ಲಿ ‘ಶ್ರೀ ಚಾವುಂಡರಾಜಂ ಮಾಡಿಸಿದಂ’ ಎಂಬ ಸಾಲಿದೆ. ಹಳಗನ್ನಡ ಲಿಪಿ ಓದಲು ಬಾರದವರಿಗೂ ಒಂದೆರಡು ಅಕ್ಷರ ಹೊಳೆಯುತ್ತದೆ. ಹುತ್ತದಿಂದ ಹಾವುಗಳು ಹೆಡೆ ಚಾಚಿವೆ. ಬಳ್ಳಿ ತೊಡೆಯಿಂದ ತೋಳಿಗೆ ಏರಿದ್ದನ್ನು ಕಣ್ಣಲ್ಲೇ ಹಿಂಬಾಲಿಸಿ, ಆಮೇಲೆ ಎಡಗೈಯ ತೋರುಬೆರಳು ನೋಡಿ: ಉಳಿದವುಗಳ ಅಳತೆಗೆ ಅದು ಕೊಂಚ ಗಿಡ್ಡ. ಹೊರಬಾಗಿಲಲ್ಲಿ ಐತಿಹ್ಯದ ಮುದುಕಿ ಗುಳ್ಳಕಾಯಜ್ಜಿ ಕಲ್ಲಾಗಿ, ಗೊಮ್ಮಟನ ಕಡೆಗೆ ಮುಖ ಮಾಡಿ ನಿಂತಿದ್ದಾಳೆ. ಜನ ಅವಳಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ.

ಫೋಟೊ ವಿಚಾರ. ಮೂರ್ತಿಯ ಮುಖ ಉತ್ತರಕ್ಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಹಗಲು ಬೆಳಕು ಬೆನ್ನಿಗೆ ಬಿದ್ದು ಮುಖ ಕಪ್ಪಾಗುತ್ತದೆ. ಬೆಳಗಿನ ಅಡ್ಡಬಿಸಿಲೇ ಒಳ್ಳೆಯದು, ಕೆನ್ನೆ ತುಟಿಯ ಉಬ್ಬುತಗ್ಗು ಎದ್ದು ಬರುತ್ತವೆ. ಕಾಲಬುಡದಲ್ಲಿ ನಿಂತು ಮೊಬೈಲಿನ ಅಗಲ ಲೆನ್ಸಿನಲ್ಲಿ ತೆಗೆದರೆ ಪಾದ ಆನೆಯಷ್ಟು, ತಲೆ ನಿಂಬೆಹಣ್ಣಿನಷ್ಟು ಬರುತ್ತದೆ. ಮೂರ್ತಿಯನ್ನು ಸುತ್ತುವರಿದ ಸುತ್ತಾಲಯದ ಮೂಲೆಯವರೆಗೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ.

ಹತ್ತೂವರೆಗೆ ಕೆಳಗಿರಬೇಕು. ಇಲ್ಲಿನ ಜೈನ ಭೋಜನಾಲಯಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರದು, ಸೂರ್ಯ ಮುಳುಗಿದ ಮೇಲೆ ಬಡಿಸುವುದೂ ಇಲ್ಲ.

ಘಾಟಿ ಇಳಿಯುವುದು

ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ. ಬೇಲೂರಿನಲ್ಲಿ ಊಟಕ್ಕೆ ಮಾತ್ರ ನಿಲ್ಲಿ. ಚೆನ್ನಕೇಶವ ದೇವಾಲಯವನ್ನು ಅರ್ಧ ಗಂಟೆಯಲ್ಲಿ ನೋಡುತ್ತೇನೆ ಎಂದು ಇಳಿದವರು ಎರಡು ಗಂಟೆಯಾದರೂ ಮೇಲೇಳುವುದಿಲ್ಲ, ಆಮೇಲೆ ಘಾಟಿಯಲ್ಲಿ ಕತ್ತಲಾಗುತ್ತದೆ. ಮೂಡಿಗೆರೆಯಲ್ಲಿ ಪೆಟ್ರೋಲ್ ತುಂಬಿಸಿ, ಘಾಟಿಯಲ್ಲಿ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ ಕೂಡ ಬಂದು ಹೋಗುತ್ತಿರುತ್ತದೆ, ಮ್ಯಾಪನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಇಳಿಯಬೇಡಿ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಊರಿಗೆ ಇಪ್ಪತ್ತು ಚಿಲ್ಲರೆ ಕಿ.ಮೀ., ಪೂರ್ತಿ ಇಳಿಜಾರು, ದಕ್ಷಿಣ ಕನ್ನಡದ ಬದಿಯಲ್ಲಿ 11 ಹೇರ್‌ಪಿನ್ ತಿರುವು. ಬಯಲುಸೀಮೆಯ ಚಾಲಕರು ಮಾಡುವ ತಪ್ಪು ಒಂದೇ: ನಾಲ್ಕನೇ ಗೇರಿನಲ್ಲಿ ಬಿಟ್ಟು ಬ್ರೇಕ್ ಒತ್ತಿಕೊಂಡೇ ಇಳಿಯುವುದು. ಪ್ಯಾಡ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಮೆತ್ತಗಾಗಿ ಒಳಕ್ಕೆ ಹೋಗುತ್ತದೆ. ಹತ್ತುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಇರಲಿ, ಹೆಚ್ಚಾಗಿ ಎರಡನೆಯದು. ಎಂಜಿನ್ನೇ ಗಾಡಿ ಹಿಡಿಯುತ್ತದೆ, ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ ಬಿಡಿ. ಆಟೊಮ್ಯಾಟಿಕ್ ಆದರೆ ‘ಡಿ’ಯಲ್ಲಿ ಬಿಡದೆ ‘ಎಲ್’ ಅಥವಾ ಮ್ಯಾನುವಲ್‌ಗೆ ಹಾಕಿ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿಸಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಡೊಂಕಾಗುತ್ತದೆ. ಹತ್ತಿ ಬರುವ ಗಾಡಿಗೆ ದಾರಿ ಬಿಡುವುದು ಘಾಟಿಯ ಕ್ರಮ. ಮಂಜು ಮುಸುಕಿದರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸಾಗುತ್ತದೆ. ಕಣಿವೆ ನೋಡಬೇಕೆಂದರೆ ತಿರುವಿನ ಮೇಲಲ್ಲ, ತಿರುವು ದಾಟಿ ರಸ್ತೆ ಅಗಲವಿರುವಲ್ಲಿ ನಿಲ್ಲಿಸಿ.

ಉಜಿರೆಯಲ್ಲಿ ಎಡಕ್ಕೆ ತಿರುಗಿದರೆ ಧರ್ಮಸ್ಥಳ ಸುಮಾರು 9 ಕಿ.ಮೀ. ಸಂಜೆ ಐದರ ಹೊತ್ತಿಗೆ ತಲುಪಿದರೆ ರತ್ನಗಿರಿ ಬೆಟ್ಟಕ್ಕೆ ಬೆಳಕು ಉಳಿದಿರುತ್ತದೆ. ಇಲ್ಲಿನ ಬಾಹುಬಲಿಯನ್ನು ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ, ಕೆತ್ತಿದ್ದು ಕಾರ್ಕಳದಲ್ಲಿ. 1973ರಲ್ಲಿ ಟ್ರೇಲರ್ ಮೇಲೆ ಮಲಗಿಸಿ ಇಲ್ಲಿಗೆ ತಂದರು, ಪ್ರತಿಷ್ಠೆಯಾದದ್ದು 1982ರಲ್ಲಿ. ನೀವು ಎರಡನೇ ದಿನ ಹೋಗುವುದು ಆ ಕಲ್ಲು ಬಂದದ್ದಕ್ಕೆ ಎದುರು ದಿಕ್ಕಿನಲ್ಲಿ. ರಸ್ತೆಯ ಏರು, ಸೇತುವೆ, ತಿರುವುಗಳನ್ನು ನೋಡುತ್ತ ಹೋಗಿ, 39 ಅಡಿಯ ಬಂಡೆ ಇದರಲ್ಲಿ ಹೇಗೆ ತಿರುಗಿತು ಎಂದು ಊಹಿಸುವುದೇ ಒಂದು ಆಟ.

ವಸತಿಗೆ ಮೊದಲೇ ಹೇಳಿಟ್ಟಿರಬೇಕು. ಶನಿವಾರ, ಭಾನುವಾರ ಮತ್ತು ಕಾರ್ತಿಕದ ಲಕ್ಷದೀಪೋತ್ಸವದ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟ. ಸಿಗದಿದ್ದರೆ ಉಜಿರೆ ಅಥವಾ ಬೆಳ್ತಂಗಡಿಯಲ್ಲಿ ಉಳಿಯಿರಿ, ಹೇಗೂ ನಾಳೆ ಅದೇ ದಾರಿ.

ಎರಡನೇ ದಿನ: ವೇಣೂರು, ಕಾರ್ಕಳ

ಉಜಿರೆ, ಬೆಳ್ತಂಗಡಿ ದಾಟಿ ಗುರುವಾಯನಕೆರೆಯಲ್ಲಿ ಹೆದ್ದಾರಿ ಬಿಡಬೇಕು. ‘ಕಾರ್ಕಳ’ ಎಂಬ ಫಲಕ ನೋಡಿ ನಾರಾವಿ ರಸ್ತೆ ಹಿಡಿದರೆ ವೇಣೂರು ತಪ್ಪಿಹೋಗುತ್ತದೆ. ವೇಣೂರು–ಮೂಡುಬಿದಿರೆ ರಸ್ತೆ ಯಾವುದೆಂದು ಕೇಳಿಯೇ ಹೋಗಿ.

ನಾಲ್ವರಲ್ಲಿ ಚಿಕ್ಕವನೆಂದು ಜನ ಬಿಟ್ಟುಬಿಡುವುದು ವೇಣೂರನ್ನೇ. ಬಿಡಬಾರದ್ದೂ ಅದೇ. 1604ರಲ್ಲಿ ಇಲ್ಲಿನ ಅರಸ ತಿಮ್ಮಣ್ಣ ಅಜಿಲ ಫಲ್ಗುಣಿ ಹೊಳೆಯ ದಡದಲ್ಲಿ ನಿಲ್ಲಿಸಿದ್ದು. ಬೆಟ್ಟವಿಲ್ಲ, ಉಸಿರುಗಟ್ಟುವ ಮೆಟ್ಟಿಲಿಲ್ಲ, ಸಾಲು ಇಲ್ಲ. ಬೆಳಗೊಳದ ಮುಖ ಗಂಭೀರ, ಇವನ ಕೆನ್ನೆಯಲ್ಲಿ ಗುಳಿ ಬಿದ್ದು ತುಟಿಯಂಚಿನಲ್ಲಿ ನಗು ನಿಂತಿದೆ. ಕಾರ್ಕಳದ ಅರಸನಿಗೆ ಈ ಮೂರ್ತಿ ನಿಲ್ಲುವುದು ಸೇರಲಿಲ್ಲವಂತೆ, ಯುದ್ಧವೇ ಆಯಿತಂತೆ, ಅಜಿಲ ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹೂತು ಉಳಿಸಿಕೊಂಡನಂತೆ ಎಂದು ಊರವರು ಹೇಳುತ್ತಾರೆ. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಮೂಡುಬಿದಿರೆ ಅಲ್ಲಿಂದ ಸುಮಾರು 20 ಕಿ.ಮೀ. ಸಾವಿರ ಕಂಬದ ಬಸದಿ ದಾರಿಯಲ್ಲೇ ಇದೆ, ಹೊತ್ತಿದ್ದರೆ ಇಳಿಯಿರಿ. ಬಸದಿಗಳಿಗೆ ಹೋಗುವಾಗ ಚರ್ಮದ ಬೆಲ್ಟು, ಪರ್ಸುಗಳನ್ನು ಗಾಡಿಯಲ್ಲೇ ಬಿಟ್ಟರೆ ಬಾಗಿಲಲ್ಲಿ ತಕರಾರಿಲ್ಲ. ಮುಂದೆ 18 ಕಿ.ಮೀ.ಗೆ ಕಾರ್ಕಳ.

ಕಾರ್ಕಳದ ಮೂರ್ತಿಯನ್ನು 1432ರಲ್ಲಿ ಅಲ್ಲಿನ ಅರಸ ವೀರಪಾಂಡ್ಯ ನಿಲ್ಲಿಸಿದ. ಬೆಳಗೊಳದಂತೆ ನಿಂತಲ್ಲೇ ಕಡಿದದ್ದಲ್ಲ, ಬೇರೆಡೆ ಕೆತ್ತಿ ಈ ಬೋಳುಬಂಡೆಯ ನೆತ್ತಿಗೆ ಎಳೆದು ತಂದದ್ದು. ಸುಮಾರು 80 ಟನ್ ತೂಕ ಎನ್ನುತ್ತಾರೆ. ಮೆಟ್ಟಿಲು ಬೆಳಗೊಳಕ್ಕೆ ಹೋಲಿಸಿದರೆ ಏನೂ ಅಲ್ಲ. ಹತ್ತಲಾಗದವರಿದ್ದರೆ ವಾಹನ ಮೇಲಿನವರೆಗೆ ಬಿಡುತ್ತಾರೆಯೇ ಎಂದು ಕೆಳಗೆ ವಿಚಾರಿಸಿ. ಮೇಲೆ ನೆರಳಿಲ್ಲ, ಕರಾವಳಿಯ ಬೆವರು ಬೇರೆ. ಟೋಪಿ, ನೀರು ಇರಲಿ.

ನೋಡಿ ಇಳಿದವರು ಸೀದಾ ಕಾರು ಹತ್ತದೆ ಎದುರಿನ ಗುಡ್ಡದ ಚತುರ್ಮುಖ ಬಸದಿಗೆ ಹೋಗಬೇಕು. 1586ರ ಕಟ್ಟಡ, ನಾಲ್ಕು ದಿಕ್ಕಿಗೂ ಒಂದೇ ತೆರನಾದ ಬಾಗಿಲು. ಅದರ ಜಗಲಿಯಲ್ಲಿ ಕೂತರೆ ಆಚೆ ಬಂಡೆಯ ಮೇಲೆ ಗೊಮ್ಮಟ ಪೂರ್ತಿ ಒಂಟಿಯಾಗಿ, ಆಕಾಶಕ್ಕೆ ಆತುಕೊಂಡು ಕಾಣುತ್ತಾನೆ. 42 ಅಡಿ ಎಂದರೆ ಎಷ್ಟು ಎಂಬುದು ಬುಡದಲ್ಲಿ ನಿಂತಾಗ ಗೊತ್ತಾಗುವುದಿಲ್ಲ, ಇಲ್ಲಿಂದ ಅವನ ಕಾಲಬಳಿಯ ಜನರನ್ನು ನೋಡಿದಾಗ ಗೊತ್ತಾಗುತ್ತದೆ.

ಮಂಗಳೂರು ಇಲ್ಲಿಂದ 50 ಕಿ.ಮೀ. ಬೆಂಗಳೂರಿಗೇ ಮರಳುವುದಾದರೆ ಬಜಗೋಳಿ, ಕುದುರೆಮುಖ, ಕಳಸದ ದಾರಿ ಚೆಂದ. ಆದರೆ ಅದು ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆ, ಸಂಜೆ ಆರಕ್ಕೆ ಗೇಟು ಮುಚ್ಚುತ್ತದೆ, ಮಧ್ಯೆ ಗಾಡಿ ನಿಲ್ಲಿಸುವ ಹಾಗಿಲ್ಲ. ಕಾರ್ಕಳವನ್ನು ಮಧ್ಯಾಹ್ನ ಎರಡರೊಳಗೆ ಬಿಡಲಾಗದಿದ್ದರೆ ಆ ಆಸೆ ಬಿಟ್ಟು ಶಿರಾಡಿಯನ್ನೇ ಹಿಡಿಯಿರಿ.