ಹುಡುಕುವುದೇ ದೊಡ್ಡ ಕೆಲಸ: ನನ್ನ ಸ್ಕೂಟರಿನ ಫ್ಯೂಯಲ್ ಫಿಲ್ಟರ್

ನನ್ನ ಸ್ಕೂಟರ್ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು. ನಿಧಾನಕ್ಕೆ ಓಡಿಸಿದಷ್ಟು ಹೊತ್ತು ತಕರಾರೇ ಇಲ್ಲ. ಏರು ಸಿಕ್ಕಾಗ, ಇಲ್ಲವೇ ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದಾಗ ಮಾತ್ರ ಎಂಜಿನ್ ಜಗ್ಗಿ ಜಗ್ಗಿ ಆಫ್ ಆಗಿಬಿಡುವುದು. ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಹೊರಡುವುದು. ಹೊಸ ಪ್ಲಗ್ ಹಾಕಿದರೂ, ಏರ್ ಫಿಲ್ಟರ್ ಬದಲಾಯಿಸಿದರೂ ಇದೇ ಕಥೆ.

ನಿಂತು ಸುಧಾರಿಸಿಕೊಂಡು ಮತ್ತೆ ಓಡುವುದರಲ್ಲೇ ಸುಳಿವು ಇದೆ. ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ತುಂಬಿಕೊಳ್ಳುವ ಒಂದು ಪುಟ್ಟ ಬೌಲ್ ಇರುತ್ತದೆ. ಅಲ್ಲಿಗೆ ಬರುವ ಪೆಟ್ರೋಲಿನ ಕಸ ಸೋಸುವ ಫ್ಯೂಯಲ್ ಫಿಲ್ಟರ್ ಅರ್ಧ ಕಟ್ಟಿಕೊಂಡಿದ್ದರೂ ನಿಧಾನಕ್ಕೆ ಹೋಗುವಾಗ ಸೋರಿ ಬರುವಷ್ಟು ಪೆಟ್ರೋಲೇ ಸಾಕು. ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಬೌಲ್ ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತದೆ, ಎಂಜಿನ್ ನಿಲ್ಲುತ್ತದೆ. ನಿಂತ ಹೊತ್ತಿನಲ್ಲಿ ಬೌಲ್ ಮತ್ತೆ ತುಂಬಿಕೊಳ್ಳುತ್ತದೆ.

ಫಿಲ್ಟರಿಗೆ ಕೈ ಹಾಕುವ ಮೊದಲು ನೋಡಬೇಕಾದದ್ದು ಟ್ಯಾಂಕಿನ ಮುಚ್ಚಳ. ಅದರಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ದಾರಿ ಇರುತ್ತದೆ. ಅದು ಕಟ್ಟಿದರೂ ಲಕ್ಷಣ ಥೇಟ್ ಇದೇ. ಗಾಡಿ ಜಗ್ಗಲು ಶುರುಮಾಡಿದಾಗ ನಿಲ್ಲಿಸಿ ಮುಚ್ಚಳ ತೆಗೆದರೆ ಬುಸ್ಸೆಂದು ಗಾಳಿ ಎಳೆದುಕೊಳ್ಳುತ್ತದೆ. ನನ್ನದರಲ್ಲಿ ಹಾಗೇನೂ ಆಗಲಿಲ್ಲ. ಮುಚ್ಚಳದ ಪಾಪ ಕಳೆಯಿತು.

ಇನ್ನು ಹುಡುಕುವುದು. ಎಲ್ಲರೂ ಟ್ಯಾಂಕಿನಿಂದ ಶುರುಮಾಡುತ್ತಾರೆ. ಟ್ಯಾಂಕ್ ಸೀಟಿನ ಕೆಳಗೂ ಇರಬಹುದು, ಕಾಲಿಡುವ ಫ್ಲೋರಿನ ಕೆಳಗೂ ಇರಬಹುದು. ಅಲ್ಲಿಂದ ಪೈಪ್ ಹಿಡಿದು ಹೊರಟರೆ ಪ್ಲಾಸ್ಟಿಕ್ ಕವರ್‌ಗಳ ಹಿಂದೆ ಕಳೆದುಹೋಗುತ್ತೇವೆ. ನಾನು ಉಲ್ಟಾ ಹೊರಟೆ, ಕಾರ್ಬುರೇಟರಿನಿಂದ ಹಿಂದಕ್ಕೆ. ಸೀಟ್ ಎತ್ತಿ, ಡಿಕ್ಕಿಯ ಬಕೆಟ್ ಹಿಡಿದಿರುವ ಬೋಲ್ಟ್ ಬಿಚ್ಚಿ ಬಕೆಟ್ಟನ್ನೇ ಮೇಲಕ್ಕೆತ್ತಿದರೆ ಕಾರ್ಬುರೇಟರ್ ಎದುರಿಗೇ ಕೂತಿರುತ್ತದೆ.

ಅದಕ್ಕೆ ಒಂದಕ್ಕಿಂತ ಹೆಚ್ಚು ಪೈಪ್ ಇರುವುದರಿಂದ ತಲೆ ಕೆಡುತ್ತದೆ. ಬೌಲಿನ ತಳದಿಂದ ಇಳಿದು ನೆಲದ ಕಡೆ ಹೋಗುವುದು ಡ್ರೈನ್ ಪೈಪ್, ಅದನ್ನು ಮರೆತುಬಿಡಿ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ಇನ್‌ಟೇಕ್ ಕೊಳವೆಯಿಂದ ಹೊರಡುವ ತೆಳು ಪೈಪ್ ವ್ಯಾಕ್ಯೂಮ್‌ನದು. ಅದರಲ್ಲಿ ಗಾಳಿಯ ಎಳೆತ ಮಾತ್ರ, ಪೆಟ್ರೋಲ್ ಇರಕೂಡದು. ಬೌಲಿನ ಮೇಲಂಚಿನಲ್ಲಿ ಕ್ಲಿಪ್ ಹಾಕಿ ಬಿಗಿದಿರುವುದೇ ನಮಗೆ ಬೇಕಾದದ್ದು. ಅದರ ಮೇಲೆ ಬೆರಳಿಟ್ಟು ಹಿಂದಕ್ಕೆ ಸರಿಸುತ್ತಾ ಹೋದೆ. ಫ್ರೇಮಿನ ಪಟ್ಟಿಯ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ, ಪೈಪಿಗಿಂತ ದಪ್ಪಗಿನ ನುಣುಪಾದ ಉಬ್ಬೊಂದು ಬೆರಳಿಗೆ ತಾಗಿತು. ಟಾರ್ಚ್ ಬಿಟ್ಟು ನೋಡಿದರೆ ಹೆಬ್ಬೆರಳಿನಷ್ಟು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ. ಪಾರದರ್ಶಕ ಅನ್ನುವುದು ಹೆಸರಿಗಷ್ಟೇ, ಒಳಗಿನ ಕಾಗದ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಮೂರು ಚಕ್ರದ ಗಾಡಿಯಾದರೆ ಇದೇ ಹುಡುಕಾಟ ಇನ್ನಷ್ಟು ಉದ್ದ. ಟ್ಯಾಂಕ್ ದೂರದಲ್ಲೋ ಕಾರ್ಬುರೇಟರಿಗಿಂತ ಕೆಳಗೋ ಇದ್ದರೆ ನಡುವೆ ಒಂದು ವ್ಯಾಕ್ಯೂಮ್ ಪಂಪ್ ಕೂತಿರುತ್ತದೆ. ಚಪ್ಪಟೆ ಡಬ್ಬಿ, ಮೂರು ಮೂತಿ: ಒಂದು ಪೆಟ್ರೋಲ್ ಬರಲು, ಒಂದು ಹೋಗಲು, ಇನ್ನೊಂದು ಎಂಜಿನ್ನಿನ ಎಳೆತಕ್ಕೆ. ಅದನ್ನೇ ಫಿಲ್ಟರ್ ಎಂದುಕೊಂಡು ಬಿಚ್ಚುವವರಿದ್ದಾರೆ. ಫಿಲ್ಟರಿಗೆ ಎರಡೇ ಮೂತಿ.

ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ ಇರುವ ಗಾಡಿಯವರು ಇಲ್ಲಿಗೇ ನಿಲ್ಲಿಸಿ. ಅವುಗಳಲ್ಲಿ ಪಂಪ್ ಸಾಮಾನ್ಯವಾಗಿ ಟ್ಯಾಂಕಿನೊಳಗೇ ಇರುತ್ತದೆ, ಪೈಪಿನಲ್ಲಿ ಒತ್ತಡವೂ ಜಾಸ್ತಿ. ಈ ಪ್ಲಾಸ್ಟಿಕ್ ಫಿಲ್ಟರ್ ಅದನ್ನು ತಡೆಯುವುದಿಲ್ಲ.

ಕಟ್ಟಿದ್ದು ಫಿಲ್ಟರೇ ಹೌದೇ ಎಂದು ಖಚಿತ ಮಾಡಿಕೊಳ್ಳಲು ನನ್ನದೊಂದು ಉಪಾಯವಿದೆ: ಸೂಜಿ ಇಲ್ಲದ ದೊಡ್ಡ ಸಿರಿಂಜ್. ಈ ಬಗೆಯ ಸ್ಕೂಟರ್‌ಗಳಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ಬಿಡುವ ನಲ್ಲಿ, ಅಂದರೆ ಪೆಟ್ರೋಲ್ ಕಾಕ್, ವ್ಯಾಕ್ಯೂಮ್‌ನಿಂದ ತೆರೆದುಕೊಳ್ಳುತ್ತದೆ. ಎಂಜಿನ್ ತಿರುಗದೆ ಪೆಟ್ರೋಲ್ ಬರುವುದಿಲ್ಲ. ಸೆಲ್ಫ್ ಹೊಡೆಯುತ್ತಾ ಪೆಟ್ರೋಲನ್ನು ಹೊರಗೆ ಹಿಡಿಯುವುದು ನನಗೆ ಒಗ್ಗದ ಕೆಲಸ, ಒಂದು ಕಿಡಿ ಸಾಕು. ಅದರ ಬದಲು ಆ ತೆಳು ವ್ಯಾಕ್ಯೂಮ್ ಪೈಪನ್ನು ಇನ್‌ಟೇಕ್‌ನಿಂದ ಕಳಚಿ ಅದಕ್ಕೆ ಸಿರಿಂಜ್ ಸಿಕ್ಕಿಸಿ ಎಳೆದು ಹಿಡಿದರೆ ಕಾಕ್ ತೆರೆಯುತ್ತದೆ. ಎಳೆತ ಉಳಿಯದೆ ಸಿರಿಂಜ್ ಸಡಿಲವಾದರೆ ಪೈಪ್ ಬಿರುಕು ಬಿಟ್ಟಿರುತ್ತದೆ, ಇಲ್ಲವೇ ಕಾಕ್‌ನೊಳಗಿನ ತೆಳು ಪರದೆ, ಡಯಾಫ್ರಾಮ್, ಹರಿದಿರುತ್ತದೆ. ಸಿರಿಂಜಿಗೆ ಪೆಟ್ರೋಲೇ ಬಂದರಂತೂ ಡಯಾಫ್ರಾಮ್ ಹರಿದದ್ದು ಗ್ಯಾರಂಟಿ.

ನನ್ನದರಲ್ಲಿ ಎಳೆತ ಸಡಿಲವಾಗದೆ ಉಳಿಯಿತು. ಕಾರ್ಬುರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಬಿಟ್ಟೆ. ಮೊದಲು ಸಣ್ಣ ಧಾರೆ, ಆಮೇಲೆ ತೊಟ್ಟು ತೊಟ್ಟು. ಅದೇ ಪೈಪನ್ನು ಫಿಲ್ಟರಿಗಿಂತ ಮೊದಲೇ ಬಿಚ್ಚಿ ನೋಡಿದರೆ ಧಾರಾಳವಾಗಿ, ಒಂದೇ ಸಮನೆ ಹರಿಯಿತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಬದಲಾಯಿಸುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕಿಲ್ಲ, ಆದರೆ ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಜಾಗ ಬಯಲಲ್ಲಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲಕ್ಕಿಳಿದು ಹರಡಿಕೊಳ್ಳುತ್ತದೆ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡವೇ ಬೇಡ. ಬ್ಯಾಟರಿಯ ಮೈನಸ್ ತಂತಿ ಕಳಚಿಟ್ಟೆ. ಕ್ಲಿಪ್‌ಗಳನ್ನು ನೋಸ್ ಪ್ಲೇಯರಿನಿಂದ ಹಿಂಡಿ ಹಿಂದಕ್ಕೆ ಸರಿಸಿದೆ. ಹಳೆಯ ಪೈಪ್ ಮೂತಿಗೆ ಅಂಟಿಕೊಂಡಿದ್ದರೆ ಎಳೆದಾಡಬಾರದು. ಕಾಕ್‌ನ ಮೂತಿ ಪ್ಲಾಸ್ಟಿಕ್ಕಿನದಾಗಿದ್ದರೆ ಮುರಿದು ಕೈಗೆ ಬರುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿಕೊಳ್ಳುವುದು ಲೇಸು. ನಾನಂತೂ ಪೈಪನ್ನೂ ಹೊಸದೇ ಹಾಕಿದೆ. ಹಳೆಯದನ್ನು ಬಗ್ಗಿಸಿದರೆ ಮೇಲೆಲ್ಲ ಸಣ್ಣ ಬಿರುಕು. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪೇ ಬೇಕು. ನೀರಿನ ಪ್ಲಾಸ್ಟಿಕ್ ಪೈಪ್ ಪೆಟ್ರೋಲ್ ತಾಗಿ ತಾಗಿ ಗಟ್ಟಿಯಾಗಿ ಕೊನೆಗೆ ಒಡೆಯುತ್ತದೆ.

ಫಿಲ್ಟರಿನ ಮೈಮೇಲೆ ಬಾಣದ ಗುರುತಿರುತ್ತದೆ, ಅದು ಕಾರ್ಬುರೇಟರ್ ಕಡೆ ನೋಡಬೇಕು. ಉಲ್ಟಾ ಹಾಕಿದರೂ ಗಾಡಿ ಓಡುತ್ತದೆ, ಅದೇ ತೊಂದರೆ. ಕಸ ಕಾಗದದ ಹೊರಗೆ ನಿಲ್ಲುವ ಬದಲು ಒಳಗೆ ಸೇರಿಕೊಂಡು, ಯಾವಾಗ ತುಂಬಿತೆಂದು ಹೊರಗಿನಿಂದ ಕಾಣುವುದೇ ಇಲ್ಲ. ಪೈಪ್ ಮಡಚಿಕೊಳ್ಳದಂತೆ, ಸೈಲೆನ್ಸರಿಗೂ ಸಿಲಿಂಡರಿಗೂ ತಾಗದಂತೆ ಕೂರಿಸಿ, ಬಕೆಟ್ ವಾಪಸ್ ಇಟ್ಟು ಕೆಳಗೆ ಕೈ ಹಾಕಿ ಮತ್ತೊಮ್ಮೆ ನೋಡಿದೆ. ಬಕೆಟ್ ಇಲ್ಲದಾಗ ನೆಟ್ಟಗಿದ್ದ ಪೈಪ್ ಬಕೆಟ್ ಕೂತ ಮೇಲೆ ಮಡಚುವುದು ಹೊಸ ಮಾತಲ್ಲ.

ಸ್ಟಾರ್ಟ್ ಮಾಡುವ ಮೊದಲು ಸಿರಿಂಜ್ ಎಳೆದು ಬೌಲ್ ತುಂಬಿಸಿಕೊಂಡರೆ ಬ್ಯಾಟರಿಗೆ ಸುಮ್ಮನೆ ಶ್ರಮವಿಲ್ಲ. ಆಮೇಲೆ ವ್ಯಾಕ್ಯೂಮ್ ಪೈಪನ್ನು ಅದರ ಜಾಗಕ್ಕೆ ಸೇರಿಸಿ, ಚೆಲ್ಲಿದ್ದನ್ನು ಒರೆಸಿ, ವಾಸನೆ ಹೋದ ಮೇಲೆ ಬ್ಯಾಟರಿ ತಂತಿ ಜೋಡಿಸಿದೆ. ಫಿಲ್ಟರ್ ಅರ್ಧವೇ ತುಂಬಿ, ಮೇಲೆ ಗಾಳಿಯ ಗುಳ್ಳೆ ನಿಂತಿದ್ದರೆ ಗಾಬರಿ ಬೇಡ, ಅದು ಸಹಜ. ಎಂಜಿನ್ ಓಡುತ್ತಿರುವಾಗ ಪ್ರತಿ ಕ್ಲಿಪ್ಪಿನ ಕೆಳಗೂ ಒಣ ಟಿಶ್ಯೂ ಹಿಡಿದು ನೋಡಿದೆ. ಎಲ್ಲೂ ಒದ್ದೆಯಾಗಲಿಲ್ಲ. ಅದೇ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುವಿದರೂ ಎಂಜಿನ್ ಒಮ್ಮೆಯೂ ಜಗ್ಗದೆ ಏರಿತು.

ಹಳೆಯ ಫಿಲ್ಟರನ್ನು ಹಾಗೇ ಬಿಸಾಡಬೇಡಿ. ಪೆಟ್ರೋಲ್ ಬರುವ ಕಡೆಯ ಮೂತಿಯನ್ನು ಬಿಳಿ ಬಟ್ಟೆಯ ಮೇಲೆ ಬಗ್ಗಿಸಿ ಕುಟ್ಟಿದರೆ ಟ್ಯಾಂಕಿನ ಜಾತಕ ಸಿಗುತ್ತದೆ. ನನ್ನದರಿಂದ ಬಿದ್ದದ್ದು ಕೆಂಪು ಪುಡಿ, ಅಂದರೆ ತುಕ್ಕು. ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರಿಕೊಳ್ಳುತ್ತದೆ, ಅರ್ಧ ಟ್ಯಾಂಕಿನಲ್ಲಿ ಬಹಳ ಕಾಲ ನಿಲ್ಲಿಸಿದ ಗಾಡಿಯಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಅಷ್ಟು ಸಾಕು. ಹೀಗಾಗಿ ಟ್ಯಾಂಕ್ ಖಾಲಿ ಮಾಡಿ, ಕಾಕ್ ಕಳಚಿ ಅದರ ಮೇಲಿನ ಬಲೆಯನ್ನು ಬ್ರಷ್ಷಿನಿಂದ ಉಜ್ಜಿ, ಟ್ಯಾಂಕಿನ ತಳ ತೊಳೆದು ಒಣಗಿಸಿ ಮತ್ತೆ ಜೋಡಿಸಿದೆ. ಅದು ಮಾಡದಿದ್ದರೆ ಹೊಸ ಫಿಲ್ಟರೂ ಬೇಗನೆ ಕಟ್ಟಿಕೊಳ್ಳುತ್ತಿತ್ತು.