ಇಎಲ್84 ಆಂಪ್ಲಿಫೈಯರ್‌ಗೆ ಫೀಡ್‌ಬ್ಯಾಕ್: ಮೊದಲು ಸಣ್ಣ ಸುತ್ತು

ಮಲ್ಪೆಯ ನಮ್ಮ ಮನೆಯಲ್ಲಿ ಹೊಸ ವಾಲ್ವ್ ಆಂಪ್ಲಿಫೈಯರ್ ಕಟ್ಟಿದರೆ ಮೊದಲು ಕೇಳುವುದು ಮದ್ದಳೆ. ಫೀಡ್‌ಬ್ಯಾಕ್ (ಔಟ್‌ಪುಟ್‌ನ ಸ್ವಲ್ಪ ಪಾಲನ್ನು ವಿರುದ್ಧವಾಗಿ ಹಿಂದಕ್ಕೆ ಕೊಡುವುದು) ಇಲ್ಲದ, ಒಂದೇ ಇಎಲ್84 ಔಟ್‌ಪುಟ್ ವಾಲ್ವ್ ಇರುವ (ಸಿಂಗಲ್-ಎಂಡೆಡ್) ಆಂಪ್ಲಿಫೈಯರಿನಲ್ಲಿ ಪ್ರತಿ ಪೆಟ್ಟಿನ ಹಿಂದೆ ‘ಬೂಂ’ ಎಂದು ಬಾಲ ಎಳೆಯುತ್ತದೆ, ಬೆರಳಿನ ಪೆಟ್ಟು ಅದರಲ್ಲಿ ಮುಳುಗಿಹೋಗುತ್ತದೆ. ಈ ಪೆಂಟೋಡಿನ (ಐದು ಎಲೆಕ್ಟ್ರೋಡಿನ ವಾಲ್ವ್) ಒಳರೋಧ ಸುಮಾರು 38 ಕಿಲೋಓಮ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಅದಕ್ಕೆ ಕಾಣುವ ಸ್ಪೀಕರ್ ಲೋಡ್ ಬರೀ 5.2 ಕಿಲೋಓಮ್. ಸ್ಪೀಕರಿನ ಕೋನನ್ನು ಹಿಡಿದು ನಿಲ್ಲಿಸಲು ಅದಕ್ಕೆ ಆಗುವುದಿಲ್ಲ. ಟ್ರಯೋಡ್ ಕನೆಕ್ಷನ್ (ಮೂರು ಎಲೆಕ್ಟ್ರೋಡಿನ ವಾಲ್ವಿನಂತೆ ಜೋಡಿಸುವುದು) ಕೊಟ್ಟರೆ ಸರಿಹೋಗುತ್ತದೆ, ಆದರೆ 5 ವ್ಯಾಟ್ ಇದ್ದದ್ದು 2 ವ್ಯಾಟಿಗೆ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ.

ಹಲವರು ಸೀದಾ ಸ್ಪೀಕರ್ ಕಡೆಯಿಂದ ಫೀಡ್‌ಬ್ಯಾಕ್ ತರುತ್ತಾರೆ. ಆ ಸುತ್ತಿನೊಳಗೆ ಟ್ರಾನ್ಸ್‌ಫಾರ್ಮರ್ ಇದೆ. ನನ್ನದು ಮೋಟಾರ್ ವೈಂಡಿಂಗ್ ಮಾಡುವವರೊಬ್ಬರು ಸಣ್ಣ ಕೋರಿನ ಮೇಲೆ ಸುತ್ತಿಕೊಟ್ಟದ್ದು; ಅಂಥದ್ದರ ಮೇಲೆ ಜಾಸ್ತಿ ಫೀಡ್‌ಬ್ಯಾಕ್ ಹಾಕಿದರೆ ಆಂಪ್ಲಿಫೈಯರ್ ತಾನೇ ಕೂಗಲು ಶುರುಮಾಡುತ್ತದೆ.

ಹಾಗಾಗಿ ಮೊದಲು ಟ್ರಾನ್ಸ್‌ಫಾರ್ಮರನ್ನು ಬಿಟ್ಟು ಸಣ್ಣ ಸುತ್ತು: ಇಎಲ್84ರ ಪ್ಲೇಟಿನಿಂದ (ಸಿಗ್ನಲ್ ಹೊರಬರುವ ತುದಿ) ಇಸಿಸಿ83ರ, ಅಂದರೆ ಅದರ ಮುಂಚಿನ ಡ್ರೈವರ್ ವಾಲ್ವಿನ, ಪ್ಲೇಟಿಗೆ ರೆಸಿಸ್ಟರ್ ಹಾಕಿ. 1 ಮೆಗಾಓಮ್ ಹತ್ತಿರ ಸಾಕು. ನಾನು ಅರ್ಧ ವ್ಯಾಟಿನ ಎರಡು 470 ಕಿಲೋಓಮ್ ಸಾಲಾಗಿ ಹಾಕುತ್ತೇನೆ, ವೋಲ್ಟೇಜ್ ಎರಡರ ಮೇಲೆ ಹಂಚಿಹೋಗಲಿ ಎಂದು. ಇಲ್ಲಿ ಫೀಡ್‌ಬ್ಯಾಕ್ ಉಲ್ಟಾ ಆಗುವ ಮಾತೇ ಇಲ್ಲ: ಇಎಲ್84ರ ಪ್ಲೇಟ್ ಯಾವಾಗಲೂ ತನ್ನ ಗ್ರಿಡ್ಡಿಗೆ (ಸಿಗ್ನಲ್ ಒಳಹೋಗುವ ತುದಿ) ವಿರುದ್ಧವಾಗಿಯೇ ಆಡುತ್ತದೆ. ಡ್ರೈವರ್ ಪ್ಲೇಟಿನ ಲೋಡ್ ರೆಸಿಸ್ಟರ್ 100 ಕಿಲೋಓಮ್ ಇದ್ದರೆ ಸುಮಾರು 9 ಡೆಸಿಬೆಲ್ ಫೀಡ್‌ಬ್ಯಾಕ್ ಸಿಗುತ್ತದೆ.

ಸಿಕ್ಕಿತೋ ಇಲ್ಲವೋ ನೋಡಲು 400 ಹರ್ಟ್ಸ್ ಸಣ್ಣ ಸಿಗ್ನಲ್ ಕೊಟ್ಟು 8 ಓಮ್ ಲೋಡಿನ ಮೇಲೆ ಎಸಿ ವೋಲ್ಟೇಜ್ ಅಳೆಯಿರಿ. ಆಫ್ ಮಾಡಿ ಲೋಡ್ 16 ಓಮ್ ಮಾಡಿ ಮತ್ತೆ ಅಳೆಯಿರಿ. ರೆಸಿಸ್ಟರ್ ಇಲ್ಲದಾಗ ವೋಲ್ಟೇಜ್ ಸುಮಾರು ಒಂದೂಮುಕ್ಕಾಲು ಪಟ್ಟು ಏರುತ್ತದೆ, ಹಾಕಿದ ಮೇಲೆ 1.2 ಪಟ್ಟಿನ ಆಸುಪಾಸು ನಿಲ್ಲುತ್ತದೆ. ಲೋಡ್ ಇಲ್ಲದೆ ಮಾತ್ರ ಓಡಿಸಬೇಡಿ. ಬೆಸುಗೆಗೆ ಕೈಹಾಕುವ ಮುಂಚೆ ದೊಡ್ಡ ಕೆಪಾಸಿಟರಿನಲ್ಲಿ ಉಳಿದ 250 ವೋಲ್ಟ್ ಪೂರ್ತಿ ಇಳಿದಿದೆಯೇ ಎಂದು ಮೀಟರಿನಲ್ಲೇ ನೋಡಿ.

ಆಮೇಲೆ ಟ್ರಾನ್ಸ್‌ಫಾರ್ಮರನ್ನೂ ಒಳಗೊಂಡ ದೊಡ್ಡ ಸುತ್ತು. ಇಸಿಸಿ83ರ ಕ್ಯಾಥೋಡಿನಲ್ಲಿ 1.5 ಕಿಲೋಓಮ್, ಅದಕ್ಕೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರ್; ಕೆಳಗೆ ಬೈಪಾಸ್ ಇಲ್ಲದ 100 ಓಮ್. ಸೆಕೆಂಡರಿಯ (ಟ್ರಾನ್ಸ್‌ಫಾರ್ಮರಿನ ಸ್ಪೀಕರ್ ಕಡೆಯ ವೈಂಡಿಂಗ್) ಒಂದು ತುದಿ ಗ್ರೌಂಡಿಗೆ, ಇನ್ನೊಂದು ತುದಿಯಿಂದ ಸಾಲಾಗಿ 1 ಕಿಲೋಓಮ್ ಮತ್ತು 10 ಕಿಲೋಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಮೂಲಕ ಆ 100 ಓಮ್‌ನ ತಲೆಗೆ. ಪಾಟ್ ಗರಿಷ್ಠದಲ್ಲಿಟ್ಟು ಆನ್ ಮಾಡಿ. ಸದ್ದು ಹೆಚ್ಚಿದರೆ, ಕೂಗಿದರೆ, ತಕ್ಷಣ ಆಫ್ ಮಾಡಿ ಸೆಕೆಂಡರಿಯ ಎರಡು ತಂತಿ ಅದಲುಬದಲು ಮಾಡಿ. ನನಗೆ ಮೊದಲ ಸಲ ಹಾಗೇ ಆಗಿ, ಮನೆಯವರೆಲ್ಲ ಓಡಿ ಬಂದಿದ್ದರು.

ಸರಿಯಾಗಿದ್ದರೆ ಪಾಟ್ ನಿಧಾನ ಇಳಿಸುತ್ತ, ಸೆಕೆಂಡರಿಯಿಂದ ಬರುವ ಈ ಫೀಡ್‌ಬ್ಯಾಕ್ ತಂತಿ ಬಿಚ್ಚಿದಾಗ ಲೋಡಿನ ಮೇಲೆ ಇದ್ದ ವೋಲ್ಟೇಜಿನ ಅರ್ಧ ಬರುವಲ್ಲಿ ನಿಲ್ಲಿಸಿ. ಅದು 6 ಡೆಸಿಬೆಲ್. ಅದಕ್ಕಿಂತ ಮುಂದೆ ಹೋದಾಗ ಭಾಗವತರ ಸ್ವರದ ಜೀವ ಕಡಿಮೆಯಾಗುವುದು ನನ್ನ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಪಾಟ್ ತೆಗೆದು ಅಳೆದು ಅಷ್ಟೇ ಬೆಲೆಯ ರೆಸಿಸ್ಟರ್ ಹಾಕಿ. ನನ್ನದರಲ್ಲಿ ಒಟ್ಟು 3.9 ಕಿಲೋಓಮ್ ಕೂತಿತು.