ಮನೆಗೆ ಮೊದಲ ಸೌನಾ: ಕಾವಿನಿಂದ ಹೊರಟ ಆಯ್ಕೆ

ಮನೆಯಲ್ಲೊಂದು ಸೌನಾ, ಅಂದರೆ ಬಿಸಿಯಲ್ಲಿ ಕುಳಿತು ಬೆವರುವ ಕೋಣೆ, ಇರಬೇಕೆಂದು ಆಸೆಪಟ್ಟ ದಿನದಿಂದ ಅದರೊಳಗೆ ಮೊದಲ ಸಲ ಕುಳಿತ ದಿನದವರೆಗೆ ಸುಮಾರು ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಕಟ್ಟುವ ಕೆಲಸಕ್ಕೆ ಹೋದದ್ದು ಐದು ವಾರ. ಉಳಿದ ಕಾಲವೆಲ್ಲ ಯಾವುದನ್ನು ಆರಿಸಬೇಕೆಂಬ ಯೋಚನೆಯಲ್ಲೇ ಕಳೆಯಿತು. ಇಷ್ಟು ತಡವಾಗಲು ಕಾರಣ, ನಾನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯನ್ನು ಕೊನೆಗೆ ಕೇಳಿಕೊಂಡದ್ದು. ಕ್ಯಾಬಿನ್ನಿನ ಅಳತೆ, ಮರದ ಬಣ್ಣ, ಗಾಜಿನ ಬಾಗಿಲು, ಒಳಗಿನ ದೀಪ ಇವುಗಳನ್ನೇ ತಿಂಗಳುಗಟ್ಟಲೆ ಹೋಲಿಸಿ ನೋಡಿದೆನೇ ಹೊರತು, ಒಳಗೆ ಕುಳಿತಾಗ ನನ್ನ ಮೈಗೆ ಎಂತಹ ಕಾವು ಬೇಕು ಎಂಬುದನ್ನು ಯೋಚಿಸಿರಲಿಲ್ಲ. ಆ ಒಂದು ಉತ್ತರ ಸಿಕ್ಕ ಮೇಲೆ ಉಳಿದ ತೀರ್ಮಾನಗಳು ಒಂದರ ಹಿಂದೆ ಒಂದಾಗಿ ತಾವೇ ಬಂದವು. ಮೊದಲ ಸೌನಾ ಕೊಳ್ಳಲು ಹೊರಟವರಿಗೆ ಅಷ್ಟು ಅಲೆದಾಟ ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸೌನಾ ಎಂಬ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಮೂರು ಬಗೆಯ ಕಾವು ಇದೆ. ಕಲ್ಲುಗಳನ್ನು ಕಾಯಿಸಿ ಗಾಳಿಯನ್ನೇ ಬಿಸಿ ಮಾಡುವ ಫಿನ್ನಿಷ್ ಬಗೆಯ ಸೌನಾದಲ್ಲಿ ಉಷ್ಣತೆ ಸಾಮಾನ್ಯವಾಗಿ 70ರಿಂದ 100 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಗಾಳಿ ಒಣದಾಗಿರುತ್ತದೆ, ಕಲ್ಲಿನ ಮೇಲೆ ನೀರು ಸುರಿದಾಗ ಮಾತ್ರ ತೇವ ಏರುತ್ತದೆ. ಇನ್‌ಫ್ರಾರೆಡ್ ಕ್ಯಾಬಿನ್ನಿನಲ್ಲಿ ಗಾಳಿ ಸುಮಾರು 45ರಿಂದ 60 ಡಿಗ್ರಿಯಷ್ಟೇ ಬಿಸಿಯಾಗುತ್ತದೆ. ಗೋಡೆಯ ಫಲಕಗಳಿಂದ ಹೊಮ್ಮುವ ಕಿರಣಗಳು ನೇರವಾಗಿ ಮೈಯನ್ನು ಕಾಯಿಸುತ್ತವೆ, ನೀರು ಸುರಿಯುವ ಮಾತೇ ಇಲ್ಲ. ಮೂರನೆಯದಾದ ಹಬೆಕೋಣೆಯಲ್ಲಿ ಉಷ್ಣತೆ 40ರಿಂದ 45 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಗಾಳಿಯಲ್ಲಿ ತೇವಾಂಶ ತುಂಬಿ ತುಳುಕುತ್ತಿರುತ್ತದೆ. ಅದಕ್ಕೆ ಮರ ಸಲ್ಲದು, ಟೈಲ್ಸ್ ಹಾಕಿದ, ನೀರು ಇಳಿಯದ ಕೋಣೆಯೇ ಬೇಕು. ಇವು ಒಂದೇ ವಸ್ತುವಿನ ಅಗ್ಗದ ಮತ್ತು ದುಬಾರಿ ರೂಪಗಳೆಂದು ನಾನು ಬಹಳ ದಿನ ತಿಳಿದಿದ್ದೆ. ಅನುಭವದಲ್ಲಿ ಇವು ಮೂರೂ ಬೇರೆ ಬೇರೆ.

ಇನ್‌ಫ್ರಾರೆಡ್ ಕ್ಯಾಬಿನ್ ಕೊಳ್ಳುವುದೆಂದು ನಾನು ಬಹುಮಟ್ಟಿಗೆ ನಿರ್ಧರಿಸಿಯೂ ಆಗಿತ್ತು. ಅದು ಒಂದೂವರೆಯಿಂದ ಎರಡು ಕಿಲೋವ್ಯಾಟ್ ವಿದ್ಯುತ್ತಿನಲ್ಲಿ ನಡೆಯುತ್ತದೆ, ಗೋಡೆಯ ಸಾಕೆಟ್ಟಿಗೇ ಜೋಡಿಸಬಹುದು, ಬೇಗ ಕಾಯುತ್ತದೆ, ಬಿಚ್ಚಿ ಬೇರೆಡೆಗೆ ಒಯ್ಯಲೂ ಬರುತ್ತದೆ. ಮುಂಗಡ ಕೊಡುವ ಮುನ್ನ ಮೂರೂ ಬಗೆಯಲ್ಲಿ ಕನಿಷ್ಠ ಮೂರು ಮೂರು ಸಲ ಕುಳಿತು ನೋಡೋಣ ಎಂದುಕೊಂಡದ್ದು ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಇನ್‌ಫ್ರಾರೆಡ್‌ನಲ್ಲಿ ಬೆವರು ಧಾರಾಳವಾಗಿ ಬಂತು, ಬೆನ್ನಿಗೆ ಹಿತವೂ ಎನಿಸಿತು. ಆದರೆ ಫಲಕದ ಎದುರಿನ ಭಾಗ ಬಿಸಿ, ಮರೆಯಾದ ಭಾಗ ಬರಿದೇ ಬೆಚ್ಚಗೆ ಎಂಬಂತಿತ್ತು. ಕಲ್ಲಿನ ಸೌನಾದಲ್ಲಿ ಮೊದಲ ಸೌಟು ನೀರು ಬಿದ್ದಾಗ ಮೃದುವಾದ ಹಬೆಯ ಅಲೆಯೊಂದು ಮೇಲೆದ್ದು, ಛಾವಣಿಯ ಕೆಳಗೆ ಹರಡಿ, ಭುಜದಿಂದ ಪಾದದವರೆಗೆ ಮೈಯನ್ನೆಲ್ಲ ಸುತ್ತಿಕೊಂಡಿತು. ಫಿನ್ಲೆಂಡಿನವರು ಇದನ್ನು ‘ಲೊಯ್ಲು’ ಎಂಬ ಪ್ರತ್ಯೇಕ ಪದದಿಂದ ಕರೆಯುತ್ತಾರೆ. ಅವರ ಸೌನಾ ಸಂಸ್ಕೃತಿಯನ್ನು ಯುನೆಸ್ಕೋ 2020ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನನಗೆ ಬೇಕಾಗಿದ್ದದ್ದು ಆ ಹಬೆಯೇ ಎಂಬುದು ಅಂದು ಸ್ಪಷ್ಟವಾಯಿತು. ಇನ್‌ಫ್ರಾರೆಡ್ ಹಿಡಿಸಿದವರು ಅದನ್ನೇ ಕೊಳ್ಳಲಿ, ಅದರಲ್ಲಿ ತಪ್ಪಿಲ್ಲ; ಕುಳಿತು ನೋಡದೆ ಕೊಳ್ಳುವುದು ಮಾತ್ರ ಬೇಡ.

ಆರೋಗ್ಯದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮಾರಾಟಗಾರರು ಎಲ್ಲ ಬಗೆಗೂ ಒಂದೇ ಅಧ್ಯಯನವನ್ನು ಮುಂದೆ ಹಿಡಿಯುತ್ತಾರೆ. ಫಿನ್ಲೆಂಡಿನ ಸಂಶೋಧಕ ಯಾರಿ ಲೌಕ್ಕನೆನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಆ ಅಧ್ಯಯನವು ಪೂರ್ವ ಫಿನ್ಲೆಂಡಿನ 2,315 ಮಧ್ಯವಯಸ್ಕ ಗಂಡಸರನ್ನು ಸುಮಾರು 20 ವರ್ಷ ಗಮನಿಸಿ, ವಾರಕ್ಕೆ 4ರಿಂದ 7 ಸಲ ಸೌನಾ ಮಾಡುವವರಲ್ಲಿ ಹಠಾತ್ ಹೃದಯಸ್ತಂಭನದ ಸಾವು ವಾರಕ್ಕೊಮ್ಮೆ ಮಾಡುವವರಿಗಿಂತ ಕಡಿಮೆ ಎಂದು ಕಂಡುಕೊಂಡಿತು. ಅದು ಕಲ್ಲಿನ ಸೌನಾದ ಕುರಿತಾದದ್ದು, ಮತ್ತು ಗಮನಿಸಿ ಬರೆದ ಅಧ್ಯಯನವಾದ್ದರಿಂದ ಸೌನಾವೇ ಅದಕ್ಕೆ ಕಾರಣವೆಂದು ಅಷ್ಟರಿಂದಲೇ ಸಿದ್ಧವಾಗುವುದಿಲ್ಲ. ನಾನು ಔಷಧಿಯೆಂದು ಸೌನಾ ಕೊಳ್ಳಲಿಲ್ಲ. ಹಾಗೆ ಯಾರೂ ಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಲ್ಲಿನ ಸೌನಾ ಎಂದು ನಿಶ್ಚಯವಾದ ಮೇಲೆ ಕೋಣೆಯ ಲೆಕ್ಕ ಆರಂಭವಾಯಿತು. ಸ್ನಾನಗೃಹಕ್ಕೆ ಅಂಟಿಕೊಂಡಿದ್ದ ಸಾಮಾನು ಕೋಣೆಯಲ್ಲಿ, ಒಳಗೋಡೆ ಕಟ್ಟಿದ ಮೇಲೆ, 1.5 ಮೀಟರ್ ಅಗಲ ಮತ್ತು 1.8 ಮೀಟರ್ ಉದ್ದ ಉಳಿಯುತ್ತಿತ್ತು. ಎತ್ತರವನ್ನು 2.4 ಮೀಟರ್ ಎಂದು ಹಿಡಿದರೆ ಸುಮಾರು ಆರೂವರೆ ಘನ ಮೀಟರ್. ಒಂದು ಘನ ಮೀಟರಿಗೆ ಒಂದು ಕಿಲೋವ್ಯಾಟ್ ಎಂಬುದು ಕಲ್ಲು ಕಾಯಿಸುವ ವಿದ್ಯುತ್ ಹೀಟರ್ ಆರಿಸುವವರ ಬಾಯಿಲೆಕ್ಕ. ಇದಕ್ಕೊಂದು ತಿದ್ದುಪಡಿ ಇದೆ, ಅದು ನನಗೆ ತಡವಾಗಿ ತಿಳಿಯಿತು: ಗಾಜು, ಇಟ್ಟಿಗೆ, ಕಲ್ಲು, ಟೈಲ್ಸ್ ಇಂತಹ ಶಾಖನಿರೋಧಕವಿಲ್ಲದ ಮೇಲ್ಮೈ ಪ್ರತಿ ಚದರ ಮೀಟರಿಗೂ ಕೋಣೆಯ ಗಾತ್ರಕ್ಕೆ ಸುಮಾರು 1.2 ಘನ ಮೀಟರ್ ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ನಾನು ಮೊದಲು ಬರೆಸಿದ ನಕ್ಷೆಯಲ್ಲಿ ಮುಂಭಾಗದ ಗೋಡೆ ಪೂರ್ತಿ ಗಾಜಿನದಾಗಿತ್ತು. 1.5 ಮೀಟರ್ ಅಗಲ, 2.4 ಮೀಟರ್ ಎತ್ತರದ ಆ ಗಾಜಿನಿಂದಲೇ ಲೆಕ್ಕದ ಗಾತ್ರ ಹನ್ನೊಂದು ಘನ ಮೀಟರಿನ ಹತ್ತಿರಕ್ಕೆ ಏರಿ, 9 ಕಿಲೋವ್ಯಾಟ್‌ಗಿಂತ ಸಣ್ಣ ಹೀಟರ್ ಸಾಲದೆಂದಾಯಿತು. ಗಾಜಿನ ಗೋಡೆ ಬಿಟ್ಟು ಬಾಗಿಲೊಂದನ್ನೇ ಗಾಜಿನದಾಗಿ ಇಟ್ಟುಕೊಂಡಾಗ ಲೆಕ್ಕ ಎಂಟು ಘನ ಮೀಟರಿನ ಒಳಗೆ ನಿಂತಿತು. ತಯಾರಕರು ಐದರಿಂದ ಎಂಟು ಘನ ಮೀಟರಿಗೆಂದು ಸೂಚಿಸುವ 6 ಕಿಲೋವ್ಯಾಟ್ ಹೀಟರ್ ಸಾಕಾಯಿತು.

ಈ ವ್ಯತ್ಯಾಸ ನನಗೆ ಏಕೆ ಮುಖ್ಯವಾಯಿತೆಂದರೆ, ಮನೆಗೆ ಇದ್ದದ್ದು ಸಿಂಗಲ್ ಫೇಸ್ ಸಂಪರ್ಕ. 230 ವೋಲ್ಟಿನಲ್ಲಿ 6 ಕಿಲೋವ್ಯಾಟ್ ಎಂದರೆ 26 ಆಂಪಿಯರ್. ಅದಕ್ಕೆ ಬೋರ್ಡಿನಿಂದಲೇ ಪ್ರತ್ಯೇಕ ದಪ್ಪ ಕೇಬಲ್ಲು ಮತ್ತು ಪ್ರತ್ಯೇಕ ಬ್ರೇಕರ್ ಎಳೆಸಿದರೆ ಸಾಕು. 9 ಕಿಲೋವ್ಯಾಟ್ ಆಗಿದ್ದರೆ 39 ಆಂಪಿಯರ್ ಬೇಕಾಗಿ, ತ್ರೀ ಫೇಸ್ ಸಂಪರ್ಕ ಪಡೆಯದೆ ದಾರಿ ಇರಲಿಲ್ಲ. ಆದ್ದರಿಂದ ಹೀಟರಿನ ಚಿತ್ರ ನೋಡುವ ಮೊದಲು ವಿದ್ಯುತ್ ಕೆಲಸದವರನ್ನು ಕರೆಸಿ ಬೋರ್ಡು ತೋರಿಸಬೇಕು. ನಾನು ಕರೆಸಿದವರು, ಮನೆಯ ಉಳಿದ ಹೊರೆಯನ್ನೂ ಕೂಡಿಸಿ ನೋಡಿ, ಸೌನಾ ಕಾಯುವಾಗ ನೀರಿನ ಗೀಸರ್ ಹಾಕದಿರುವುದು ಒಳ್ಳೆಯದೆಂದರು. ಅದನ್ನು ಇಂದಿಗೂ ಪಾಲಿಸುತ್ತಿದ್ದೇನೆ. ಒಂದು ಸಲ ಕಾಯಿಸಿ ಒಂದು ಗಂಟೆ ಬಳಸಿದರೆ ನನ್ನ ಮೀಟರಿನಲ್ಲಿ 7ರಿಂದ 8 ಯೂನಿಟ್ ಏರುತ್ತದೆ.

ಇನ್ನು ಬೆಂಚಿನ ಎತ್ತರ. ಮೊದಲ ಸೌನಾದಲ್ಲಿ ಬಹುಪಾಲು ಜನರಿಗೆ ಸೋಲಾಗುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ, ಆದ್ದರಿಂದ ತುಸು ವಿವರವಾಗಿ ಬರೆಯುತ್ತೇನೆ. ಬಿಸಿ ಗಾಳಿ ಮೇಲಕ್ಕೆ ಸೇರುತ್ತದೆ. ಕಲ್ಲುಗಳ ಮಟ್ಟಕ್ಕಿಂತ ಕೆಳಗೆ ಗಾಳಿ ತಣ್ಣಗೆ ಉಳಿಯುತ್ತದೆ, ಎಷ್ಟು ಹೊತ್ತು ಕಾಯಿಸಿದರೂ ಅದು ಸರಿಯಾಗುವುದಿಲ್ಲ. ಪರಿಚಿತರೊಬ್ಬರ ಮನೆಯ ಸಿದ್ಧ ಕ್ಯಾಬಿನ್ನಿನಲ್ಲಿ ಕುಳಿತಾಗ ನನ್ನ ತಲೆ ಸುಡುತ್ತಿತ್ತು, ಪಾದಗಳು ತಣ್ಣಗಿದ್ದವು. ಹತ್ತು ನಿಮಿಷಕ್ಕೇ ತಲೆಯ ಬಿಸಿ ತಾಳಲಾರದೆ ಎದ್ದು ಬಂದೆ, ಮೈ ಮಾತ್ರ ಇನ್ನೂ ಸರಿಯಾಗಿ ಕಾದಿರಲಿಲ್ಲ. ಅಲ್ಲಿ ಛಾವಣಿ 1.9 ಮೀಟರಿನಷ್ಟಿತ್ತು, ಬೆಂಚು ಕುರ್ಚಿಯ ಎತ್ತರದಲ್ಲಿತ್ತು. ಫಿನ್ನಿಷ್ ಕಟ್ಟುಗರ ಹಳೆಯ ನಿಯಮ ಸರಳವಾಗಿದೆ: ಕುಳಿತವರ ಪಾದಗಳು ಕಲ್ಲುಗಳ ಮೇಲ್ತುದಿಗಿಂತ ಎತ್ತರದಲ್ಲಿರಬೇಕು, ಮೇಲಿನ ಬೆಂಚಿಗೂ ಛಾವಣಿಗೂ ನಡುವೆ 100ರಿಂದ 120 ಸೆಂಟಿಮೀಟರ್ ಅಂತರವಿರಬೇಕು. ಕಾವು ಉಳಿಸಲೆಂದು 2.1 ಮೀಟರಿಗೆ ಇಳಿಸಬೇಕೆಂದಿದ್ದ ಛಾವಣಿಯನ್ನು ನಾನು 2.4 ಮೀಟರಿಗೆ ಏರಿಸಿದ್ದು ಈ ನಿಯಮಕ್ಕಾಗಿ. ಮೇಲಿನ ಬೆಂಚು ನೆಲದಿಂದ 130 ಸೆಂಟಿಮೀಟರ್, ಕಾಲಿಡುವ ಹಲಗೆ 85 ಸೆಂಟಿಮೀಟರ್, ಕಲ್ಲಿನ ಮೇಲ್ತುದಿ 75 ಸೆಂಟಿಮೀಟರ್. ಹತ್ತಲು ಒಂದು ಮೆಟ್ಟಿಲು ಬೇಕಾಯಿತು. ನೋಡಿದವರು ಇಷ್ಟೆತ್ತರ ಏಕೆಂದು ಕೇಳುತ್ತಾರೆ; ಒಮ್ಮೆ ಕುಳಿತವರು ಮತ್ತೆ ಕೇಳಿದ್ದಿಲ್ಲ. ಬೆಂಚಿನ ಅಗಲ 60 ಸೆಂಟಿಮೀಟರ್ ಇರುವುದರಿಂದ ಕಾಲು ಮೇಲೆ ಎಳೆದುಕೊಂಡು ಕೂರಲೂ ತೊಂದರೆಯಿಲ್ಲ, ಒಬ್ಬರೇ ಇದ್ದಾಗ ಮಲಗಲೂ ಬಹುದು.

ಸಿದ್ಧ ಕ್ಯಾಬಿನ್ ಬಿಟ್ಟು ಕೋಣೆಯನ್ನೇ ಸೌನಾ ಮಾಡಿಸಲು ನನಗೆ ಬಲವಾದ ಕಾರಣ ಇದೇ ಎತ್ತರ. ನಾನು ನೋಡಿದ ಸಿದ್ಧ ಕ್ಯಾಬಿನ್ನುಗಳಲ್ಲಿ ಹೆಚ್ಚಿನವು ಬಾಗಿಲಿನಿಂದ ಒಳಗೆ ಒಯ್ಯಲು ಅನುಕೂಲವಾಗುವಂತೆ ಗಿಡ್ಡವಾಗಿದ್ದವು. ಅಂಗಳದಲ್ಲಿಡುವ ಪೀಪಾಯಿ ಆಕಾರದ ಸೌನಾ ಕಣ್ಣಿಗೆ ಚೆಲುವಾದರೂ, ಅದರ ದುಂಡು ಛಾವಣಿಯ ಕೆಳಗೆ ಎರಡು ಹಂತದ ಬೆಂಚು ಕೂರುವುದು ಕಷ್ಟ.

ಕಲ್ಲುಗಳ ವಿಷಯದಲ್ಲಿ ನನಗೆ ದೊರೆತ ಸಲಹೆ ಚೆನ್ನಾಗಿತ್ತು: ಹೀಟರಿನ ಹೊರಕವಚವನ್ನು ನೋಡಬೇಡಿ, ಅದು ಎಷ್ಟು ಕಿಲೋ ಕಲ್ಲು ಹಿಡಿಯುತ್ತದೆಂದು ಕೇಳಿ. ಕಲ್ಲು ಕಡಿಮೆ ಇದ್ದರೆ ಬೇಗ ಕಾಯುತ್ತದೆ, ಆದರೆ ನೀರು ಬಿದ್ದೊಡನೆ ಚುರುಕಾದ ಹಬೆ ಎದ್ದು ಕ್ಷಣದಲ್ಲಿ ಅಡಗುತ್ತದೆ. ಹೆಚ್ಚಿದ್ದರೆ ಕಾಯಲು ಹೊತ್ತು ಹಿಡಿದರೂ ಹಬೆ ಮೆತ್ತಗೆ, ನಿಧಾನವಾಗಿ ಬರುತ್ತದೆ. 20 ಕಿಲೋದ ಸಣ್ಣ ಹೀಟರಿಗೂ ನೂರರ ಹತ್ತಿರದ ಗೋಪುರದಂತಹ ಹೀಟರಿಗೂ ನಡುವೆ, ಸುಮಾರು 40 ಕಿಲೋ ಹಿಡಿಯುವ ಗೋಡೆ ಹೀಟರನ್ನು ಆರಿಸಿದೆ. ಅದು ಕೂರಲು ಯೋಗ್ಯವಾಗುವಷ್ಟು ಕಾಯಲು ಐವತ್ತು ನಿಮಿಷ ತೆಗೆದುಕೊಳ್ಳುತ್ತದೆ. ಕಲ್ಲು ಆಲಿವಿನ್ ಡಯಾಬೇಸ್ ಎಂಬ ಅಗ್ನಿಶಿಲೆ. ಹೊಳೆದಂಡೆಯ ನುಣುಪು ಕಲ್ಲನ್ನು ಆರಿಸಿ ತಂದು ತುಂಬಬಾರದು, ಒಳಗೆ ನೀರಿನ ಪಸೆ ಇರುವ ಕಲ್ಲು ಕಾದಾಗ ಸಿಡಿಯಬಹುದು.

ಗೋಡೆಗೆ ಶಾಖ ತಡೆಯುವ ಖನಿಜ ಉಣ್ಣೆಯ ಪದರ, ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಹಾಳೆಯ ಪ್ರತಿಯೊಂದು ಜೋಡಿಕೆಗೂ ಅಲ್ಯೂಮಿನಿಯಂ ಟೇಪು, ನಂತರ ಎರಡು ಸೆಂಟಿಮೀಟರ್ ಗಾಳಿಯ ಸಂದು, ಕೊನೆಗೆ ಮರದ ಹಲಗೆ. ಗೋಡೆಗೆ ಸ್ಪ್ರೂಸ್, ಬೆಂಚಿಗೆ ಆಸ್ಪೆನ್ ಆರಿಸಿದೆ. ಆಸ್ಪೆನ್ ಹಗುರವಾದ, ಅಂಟು ಒಸರದ ಮರವಾದ್ದರಿಂದ ಬಿಸಿಯಲ್ಲಿ ತೊಡೆಗೆ ಚುರುಕು ಮುಟ್ಟುವುದಿಲ್ಲ. ಬೆಂಚಿನ ಮೊಳೆಗಳನ್ನು ಕೆಳಗಿನಿಂದ ಬಿಗಿಸಬೇಕು, ಒಳಮರಕ್ಕೆ ವಾರ್ನಿಷ್ ಬಳಿಯಬಾರದು.

ಗಾಳಿಯ ದಾರಿಯಲ್ಲಿ ನಾನು ತಪ್ಪಿದೆ. ಹೊಸ ಗಾಳಿ ಒಳಬರಲು ಹೀಟರಿನ ಮೇಲ್ಭಾಗದ ಗೋಡೆಯಲ್ಲಿ ತೂತು ಬಿಡಿಸಿದ್ದೆ, ಅದು ಸರಿಯಾಗಿತ್ತು; ಹೊರಹೋಗುವ ತೂತನ್ನು ಮಾತ್ರ ಛಾವಣಿಯ ಹತ್ತಿರ ಕೊರೆಸಿದೆ. ಹಬೆಯೆಲ್ಲ ಆ ದಾರಿಯಾಗಿ ಹೋಗುತ್ತಿತ್ತು, ಕೆಳಗಿನ ಹಳೆಯ ಗಾಳಿ ಅಲ್ಲೇ ಉಳಿದು ಕಾಲು ಗಂಟೆಯೊಳಗೆ ಉಸಿರು ಭಾರವೆನಿಸುತ್ತಿತ್ತು. ಕಟ್ಟಿದ ಎರಡನೆಯ ತಿಂಗಳಲ್ಲಿ ಹಲಗೆ ಬಿಚ್ಚಿಸಿ, ಎದುರು ಬದಿಯಲ್ಲಿ ಕಾಲಿಡುವ ಹಲಗೆಯ ಕೆಳಗೆ ಹೊಸ ತೂತು ತೆಗೆಸಿ, ಸಣ್ಣ ಫ್ಯಾನು ಕೂರಿಸಿದೆ. ಮೇಲಿನ ತೂತಿಗೆ ಮುಚ್ಚಳ ಹಾಕಿ, ಎಲ್ಲ ಮುಗಿದ ಮೇಲೆ ಕೋಣೆ ಒಣಗಿಸಲು ಮಾತ್ರ ತೆರೆಯುತ್ತೇನೆ. ಅಂದಿನಿಂದ ಉಸಿರಾಟ ಹಗುರವಾಯಿತು. ಉಷ್ಣಮಾಪಕವನ್ನೂ ಮೊದಲು ತೀರ ಮೇಲೆ ತೂಗುಹಾಕಿದ್ದೆ. ಅದು 95 ತೋರಿಸುವಾಗ ಕುಳಿತವರ ಮುಖದ ಮಟ್ಟದಲ್ಲಿ 80ರ ಹತ್ತಿರವಿತ್ತು. ಯಾವ ಎತ್ತರದಲ್ಲಿ ಅಳೆದದ್ದೆಂದು ಹೇಳದೆ ಹೇಳುವ ಡಿಗ್ರಿಗೆ ಅರ್ಥವಿಲ್ಲವೆಂದು ಆಗ ತಿಳಿಯಿತು.

ಬಾಗಿಲು ಹೊರಕ್ಕೆ ತೆರೆಯಬೇಕು, ಅದಕ್ಕೆ ಚಿಲಕವಾಗಲಿ ಬೀಗವಾಗಲಿ ಇರಲೇಬಾರದು. ಒಳಗೆ ತಲೆ ತಿರುಗಿದವರು ಭುಜದಿಂದ ತಳ್ಳಿದರೂ ಅದು ತೆರೆದುಕೊಳ್ಳಬೇಕು. ಹೀಟರಿನಿಂದ ಮರಕ್ಕೆ ಇರಬೇಕಾದ ಅಂತರವನ್ನು ಅದರ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ, ಅದರಲ್ಲಿ ಒಂದು ಸೆಂಟಿಮೀಟರನ್ನೂ ಕಡಿಮೆ ಮಾಡಬಾರದು. ಹೀಟರಿನ ಮೇಲೆ ಟವೆಲ್ ಒಣಹಾಕುವ ಅಭ್ಯಾಸ ಮನೆಯಲ್ಲಿ ಯಾರಿಗೂ ಬರದಂತೆ ಮೊದಲ ದಿನವೇ ಹೇಳಿದ್ದೇನೆ. ಮದ್ಯ ಕುಡಿದು ಒಳಗೆ ಹೋಗುವಂತಿಲ್ಲ; ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಕೂರಬೇಕು.

ಹೊಸ ಹೀಟರನ್ನು ಮೊದಲ ಸಲ ಯಾರೂ ಒಳಗಿಲ್ಲದಾಗ, ಬಾಗಿಲು ತೆರೆದಿಟ್ಟು ಪೂರ್ತಿ ಕಾಯಿಸಬೇಕು. ಕಾಯಿಲ್‌ಗಳಿಗೆ ಬಳಿದ ಲೇಪ ಸುಟ್ಟು ಕಮಟು ವಾಸನೆ ಬರುತ್ತದೆ. ಮನೆಯವರೆಲ್ಲ ಮೂರು ತಿಂಗಳು ಹೊರಗಿದ್ದು ಬಂದಾಗ, ಸ್ವಿಚ್ ಹಾಕಿದೊಡನೆ ಬ್ರೇಕರ್ ಟ್ರಿಪ್ ಆಗಿ ನಾನು ಗಾಬರಿಪಟ್ಟದ್ದುಂಟು. ವಿದ್ಯುತ್ ಕೆಲಸದವರು ಬಂದು ಪರೀಕ್ಷಿಸಿ, ಬಳಸದೆ ಬಿಟ್ಟ ಕಾಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಂಡಿವೆ ಎಂದು ತಿಳಿಸಿ, ತಾವೇ ನಿಂತು ಅವನ್ನು ಒಣಗಿಸಿಕೊಟ್ಟರು. ಈಗ ಊರಿಗೆ ಹೋಗುವ ಮುಂಚೆಯೂ ಬಂದ ಮೇಲೂ ಒಮ್ಮೆ ನೀರು ಸುರಿಯದೆ ಒಣದಾಗಿ ಕಾಯಿಸುತ್ತೇನೆ.

ವರ್ಷಕ್ಕೊಮ್ಮೆ ಕಲ್ಲುಗಳನ್ನೆಲ್ಲ ಹೊರತೆಗೆದು, ಬಿರಿದವನ್ನು ಬೇರ್ಪಡಿಸಿ, ತಳದಲ್ಲಿ ಸೇರಿದ ಪುಡಿಯನ್ನು ಗುಡಿಸಿ, ದೊಡ್ಡವನ್ನು ಕೆಳಗೂ ಸಣ್ಣವನ್ನು ಮೇಲೂ ಇಟ್ಟು, ನಡುವೆ ಗಾಳಿಯಾಡುವಂತೆ ಸಡಿಲವಾಗಿ ಮತ್ತೆ ಜೋಡಿಸುತ್ತೇನೆ. ಕಳೆದ ಸಲ ಐದು ಕಿಲೋದಷ್ಟು ಕಲ್ಲು ಹೊಸದಾಗಿ ಹಾಕಬೇಕಾಯಿತು. ಆ ಸಂಜೆ ಕಾಯಿಸಿ ಕುಳಿತು ಮೊದಲ ಸೌಟು ಸುರಿದಾಗ, ಹಬೆ ಹಿಂದಿನ ವಾರಕ್ಕಿಂತ ಮೆತ್ತಗೆ ಬಂತು.